ಬೇಲ್ ಅಂದ್ರೆ ಖುಲಾಸೆ ಅಲ್ಲ, ಹೊಣೆ

ಯಾರೋ ರಾಜಕಾರಣಿಗೆ ಬೇಲ್ ಸಿಕ್ಕ ದಿನ ನಮ್ಮ ಟೈಮ್‌ಲೈನ್ ಎರಡು ಭಾಗ ಆಗುತ್ತೆ. ಒಂದು ಕಡೆ ಪಟಾಕಿ, ಹಾರ, ‘ಸತ್ಯಕ್ಕೆ ಜಯ’. ಇನ್ನೊಂದು ಕಡೆ ‘ದುಡ್ಡಿದ್ರೆ ಎಲ್ಲಾ ಆಗುತ್ತೆ ಬಿಡಿ’. ಮೊದಲನೆಯವರು ಹೇಳೋದು ಪೂರ್ತಿ ತಪ್ಪು. ಎರಡನೆಯವರು ಅರ್ಧ ಸರಿ. ಆ ಅರ್ಧ ಯಾವುದು ಅಂತ ಗೊತ್ತಾಗಬೇಕಾದರೆ ಪದದ ಬೇರಿನವರೆಗೆ ಹೋಗಬೇಕು.

1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಅಲ್ಲಿನ ಕಾನೂನಿಗೆ ಫ್ರೆಂಚ್ ಹೊಕ್ಕಿತು. ‘ಬೇಲ್’ ಬಂದದ್ದು ಆ ದಾರಿಯಲ್ಲೇ. ಹಳೆಯ ಫ್ರೆಂಚಿನಲ್ಲಿ ಅದರ ಅರ್ಥ ವಶಕ್ಕೆ ಒಪ್ಪಿಸುವುದು, ಕಾಯುವುದು. ಅದರ ಹಿಂದಿರುವ ಲ್ಯಾಟಿನ್ ಪದಕ್ಕೆ ಹೊರೆ ಹೊರುವವನು, ಅಂದರೆ ಹಮಾಲಿ ಅನ್ನೋ ಅರ್ಥ. ಆರೋಪಿಯನ್ನು ಸುಮ್ಮನೆ ಬಿಟ್ಟು ಕಳಿಸುತ್ತಿರಲಿಲ್ಲ. ‘ಕರೆದಾಗ ಇವನನ್ನು ತಂದು ನಿಲ್ಲಿಸೋದು ನನ್ನ ಹೊಣೆ’ ಅಂದವನ ಕೈಗೆ ಒಪ್ಪಿಸುತ್ತಿದ್ದರು.

ನಮ್ಮ ‘ಜಾಮೀನು’ ಕೂಡ ಇದೇ ಕಥೆ ಹೇಳುತ್ತೆ. ಅರಬ್ಬಿ ಮೂಲದ ಈ ಪದ ಪಾರ್ಸಿ ಆಡಳಿತ ಭಾಷೆಯ ಮೂಲಕ ನಮ್ಮ ಕಡೆ ಬಂತು. ಮೂಲದಲ್ಲಿ ಅದರ ಅರ್ಥ ಹೊಣೆ ಹೊತ್ತವನು. ಎರಡೂ ಪದಗಳ ನಡುವೆ ನಿಂತಿರೋದು ದುಡ್ಡಲ್ಲ, ಒಬ್ಬ ಮನುಷ್ಯ.

ಹಾಗಾಗಿ ಬೇಲ್ ತೀರ್ಪಲ್ಲ. ಕೇಸು ಹಾಗೇ ಇರುತ್ತೆ, ವಿಚಾರಣೆ ನಡೆಯುತ್ತೆ. ತಪ್ಪು ಸಾಬೀತಾಗದೆ ಕೇಸು ಮುಗಿದರೆ ಅದು ಖುಲಾಸೆ.

ಈಗ ಆ ಅರ್ಧ ಸತ್ಯಕ್ಕೆ ಬರೋಣ. ಬೇಲ್ ಆದೇಶ ಬಂದರಷ್ಟೇ ಸಾಲದು, ಸಾಮಾನ್ಯವಾಗಿ ಶ್ಯೂರಿಟಿ ಕೊಡಬೇಕು. ಶ್ಯೂರಿಟಿದಾರ ಮೊದಲೇ ದುಡ್ಡು ಕಟ್ಟಬೇಕಿಲ್ಲ. ಆರೋಪಿ ತಲೆಮರೆಸಿಕೊಂಡರೆ ಕಟ್ಟುತ್ತೇನೆ ಅಂತ ಬಾಂಡ್ ಬರೆದುಕೊಡಬೇಕು. ಆದರೆ ಕಟ್ಟುವ ತಾಕತ್ತಿದೆ ಅಂತ ತೋರಿಸೋಕೆ ಪಹಣಿ, ಮನೆ ಕಂದಾಯದ ರಸೀದಿ ಬೇಕು. ಬಡವನಿಗೆ ಹೊಣೆ ನಿಲ್ಲುವ ತಮ್ಮ ಇರುತ್ತಾನೆ, ತಮ್ಮನ ಹೆಸರಲ್ಲಿ ಪಹಣಿ ಇರಲ್ಲ.

1978ರ ಮೋತಿ ರಾಮ್ ಪ್ರಕರಣ ನೋಡಿ. ಮಧ್ಯಪ್ರದೇಶದ ಈ ಗಾರೆ ಕೆಲಸದವನಿಗೆ ಸುಪ್ರೀಂ ಕೋರ್ಟೇ ಬೇಲ್ ಕೊಟ್ಟಿತ್ತು. ಮ್ಯಾಜಿಸ್ಟ್ರೇಟ್ 10,000 ರೂಪಾಯಿಯ ಶ್ಯೂರಿಟಿ ಕೇಳಿದರು. ಅಣ್ಣ-ತಮ್ಮಂದಿರಲ್ಲಿ ಒಬ್ಬ ಮುಂದೆ ಬಂದರೆ, ಅವನೂ ಅವನ ಆಸ್ತಿಯೂ ಬೇರೆ ಜಿಲ್ಲೆಯಲ್ಲಿವೆ ಅಂತ ಒಪ್ಪಲಿಲ್ಲ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇದನ್ನು ಕಟುವಾಗಿ ಟೀಕಿಸಿ, 1,000 ರೂಪಾಯಿಯ ಸ್ವಂತ ಬಾಂಡ್ ಮೇಲೆ ಬಿಡಲು ಹೇಳಿದರು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಸೂಚನೆ ಕೊಡಬೇಕಾಯ್ತು: ಬೇಲ್ ಸಿಕ್ಕಿ ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟುಗಳೇ ಪರಿಗಣಿಸಬಹುದು, ಸ್ಥಳೀಯ ಶ್ಯೂರಿಟಿಯೇ ಬೇಕು ಅನ್ನಬಾರದು. 45 ವರ್ಷ ಕಳೆದರೂ ಅದೇ ಮಾತು!

ಇದು ಭಾಷೆಯ ಚರ್ಚೆ ಮಾತ್ರ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ಅಂಕಿಅಂಶದ ಪ್ರಕಾರ ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ಕಾನೂನಿನ ಕಣ್ಣಲ್ಲಿ ಇವರಿನ್ನೂ ಅಪರಾಧಿಗಳಲ್ಲ. ಎಲ್ಲರೂ ಶ್ಯೂರಿಟಿ ಇಲ್ಲದ್ದಕ್ಕೇ ಒಳಗಿದ್ದಾರೆ ಅಂತಲ್ಲ, ಆದರೆ ಬೇಲ್ ಆದೇಶ ಕೈಲಿದ್ದೂ ಒಳಗೇ ಉಳಿದವರು ಅವರಲ್ಲಿದ್ದಾರೆ.

ಇನ್ನೊಂದು ಪದ ‘ಪೆರೋಲ್’. ಫ್ರೆಂಚಿನಲ್ಲಿ ಅದರ ಅರ್ಥ ಸರಳವಾಗಿ ‘ಮಾತು’. ಯುದ್ಧಕೈದಿಗಳು ಮಾತು ಕೊಟ್ಟು ಹೊರಬರುತ್ತಿದ್ದ ಕಾಲದ ಪದ ಅದು. ಇವತ್ತು ನಮ್ಮಲ್ಲಿ ಶಿಕ್ಷೆಯಾದ ಕೈದಿಯ ತಾತ್ಕಾಲಿಕ ಬಿಡುಗಡೆಗೆ ಬಳಸುತ್ತೇವೆ. ಕನ್ನಡದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪುಣ್ಯಕೋಟಿಗೆ ಹುಲಿ ಕೊಟ್ಟದ್ದು ಅದೇ. ಪಹಣಿ ಕೇಳಿರಲಿಲ್ಲ.

ಮುಂದಿನ ಸಲ ‘ಬೇಲ್ ಸಿಕ್ತು’ ಅನ್ನೋ ಸುದ್ದಿ ಕಂಡಾಗ ಗೆದ್ದವರು ಯಾರು ಅಂತ ಹುಡುಕಬೇಡಿ. ಅದೇ ದಿನ ಬೇಲ್ ಸಿಕ್ಕ, ಆದರೆ ಹೊಣೆ ನಿಲ್ಲೋರ ಕೈಲಿ ಪಹಣಿ ಇಲ್ಲದ ಆರೋಪಿ ಮನೆಗೆ ಹೋದನಾ ಅಂತ ಕೇಳಿ.