ತೋರಿಸದೆಯೇ ಕೂಡಿಸುವ ಲೆಕ್ಕ

ಕರ್ನಾಟಕದಲ್ಲಿ ಸೈಬರ್ ಭದ್ರತೆ ಮತ್ತು ಖಾಸಗಿತನದ ಸಂಶೋಧನೆಯ ಮುಖ್ಯ ನೆಲೆಗಳಲ್ಲಿ ಒಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿನ ಕಂಪ್ಯೂಟರ್ ವಿಜ್ಞಾನ ವಿಭಾಗದಲ್ಲಿ ಪ್ರೊ. ವಿನೋದ್ ಗಣಪತಿ ಅವರ ಪ್ರಯೋಗಾಲಯ ಕಂಪ್ಯೂಟರ್ ವ್ಯವಸ್ಥೆಗಳ ಭದ್ರತೆಯನ್ನು, ಪ್ರೊ. ಅರ್ಪಿತಾ ಪಾತ್ರಾ ಅವರ ಪ್ರಯೋಗಾಲಯ ಗೂಢಲಿಪಿ ಶಾಸ್ತ್ರವನ್ನು ಅಧ್ಯಯನ ಮಾಡುತ್ತವೆ. ಇದೇ ಸಂಸ್ಥೆಯನ್ನು ಆಧಾರವಾಗಿಟ್ಟುಕೊಂಡು ರಾಜ್ಯ ಸರ್ಕಾರ ‘ಸೈಸೆಕ್’ ಎಂಬ ಸೈಬರ್ ಭದ್ರತಾ ಉತ್ಕೃಷ್ಟತಾ ಕೇಂದ್ರವನ್ನು ಸ್ಥಾಪಿಸಿದೆ. ಅದರ ಕಾರ್ಯಕ್ರಮಗಳನ್ನು ನಡೆಸುವ ಹೊಣೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯದು. ಮಂಡಳಿಯ ಕಚೇರಿ ಇರುವುದೂ ವಿಜ್ಞಾನ ಸಂಸ್ಥೆಯ ಆವರಣದಲ್ಲೇ.

ಭದ್ರತೆ ಮತ್ತು ಖಾಸಗಿತನ ಒಂದೇ ಅಲ್ಲ. ಮಾಹಿತಿ ಕಳ್ಳರ ಕೈಗೆ ಸಿಗದಂತೆ ಕಾಯುವುದು ಭದ್ರತೆ. ಮಾಹಿತಿ ಪಡೆದವರೇ ಅದನ್ನು ಬೇಕಾಬಿಟ್ಟಿ ಬಳಸದಂತೆ ತಡೆಯುವುದು ಖಾಸಗಿತನದ ರಕ್ಷಣೆ. ಕಳ್ಳತನಕ್ಕೆ ಅವಕಾಶವಿಲ್ಲದ ಕಡೆಯೂ ಖಾಸಗಿತನಕ್ಕೆ ಧಕ್ಕೆ ಬರಬಹುದು. ಭಾರತದಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕಿನ ಸಾಲಿಗೆ ಸೇರಿಸಿದ ತೀರ್ಪಿನ ಹಿಂದೆ ಕನ್ನಡಿಗರೊಬ್ಬರ ಅರ್ಜಿ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಯೋಜನೆಯನ್ನು ಪ್ರಶ್ನಿಸಿದ ಪ್ರಕರಣದಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ತೀರ್ಪು ನೀಡಿತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದದ್ದು 2023ರಲ್ಲಿ.

ವ್ಯವಸ್ಥೆಗಳ ಭದ್ರತೆಯನ್ನು ಅಧ್ಯಯನ ಮಾಡುವವರ ಮೊದಲ ಕೆಲಸ ದೋಷ ಹುಡುಕುವುದು. ತಂತ್ರಾಂಶ ಬರೆದವರು ಊಹಿಸದ ದಾರಿ ಎಲ್ಲಿದೆ, ಮೊಬೈಲಿನ ಒಂದು ಆ್ಯಪ್ ಇನ್ನೊಂದರ ಮಾಹಿತಿಗೆ ಕೈ ಹಾಕಬಲ್ಲದೇ, ಯಂತ್ರದ ಚಿಪ್‌ನಲ್ಲೇ ಸೋರಿಕೆ ಇದೆಯೇ ಎಂದು ಪರೀಕ್ಷಿಸಲಾಗುತ್ತದೆ. ದೋಷ ಸಿಕ್ಕರೆ ಒಡನೆ ಸಾರುವಂತಿಲ್ಲ. ಮೊದಲು ತಯಾರಕರಿಗೆ ತಿಳಿಸಿ, ತಿದ್ದಲು ಸಮಯ ಕೊಟ್ಟು, ಆಮೇಲೆ ಪ್ರಕಟಿಸುವುದು ಈ ಕ್ಷೇತ್ರದ ಶಿಸ್ತು. ‘ಮೆಲ್ಟ್‌ಡೌನ್’, ‘ಸ್ಪೆಕ್ಟರ್’ ಎಂಬ ಚಿಪ್ ದೋಷಗಳು ಇಂಟೆಲ್ ಕಂಪನಿಗೆ 2017ರ ಮಧ್ಯದಲ್ಲೇ ಗೊತ್ತಾಗಿದ್ದರೂ ಲೋಕಕ್ಕೆ ತಿಳಿದದ್ದು 2018ರ ಜನವರಿಯಲ್ಲಿ. ಭಾರತದಲ್ಲಿ ಇಂಥ ವರದಿಗಳನ್ನು ಸ್ವೀಕರಿಸುವ ಸಂಸ್ಥೆ 2004ರಲ್ಲಿ ಆರಂಭವಾದ ‘ಸರ್ಟ್-ಇನ್’.

ಗೂಢಲಿಪಿ ಶಾಸ್ತ್ರದ ಇಂದಿನ ಮುಖ್ಯ ಶಾಖೆಗಳಲ್ಲಿ ಒಂದು ಬಹುಪಕ್ಷೀಯ ಸುರಕ್ಷಿತ ಗಣನೆ. ಪಾತ್ರಾ ಅವರ ಸಂಶೋಧನೆಯ ಕೇಂದ್ರವೂ ಇದೇ. ಹಲವರ ಗುಟ್ಟಿನ ಅಂಕಿಗಳಿಂದ, ಯಾರ ಅಂಕಿಯೂ ಹೊರಬೀಳದಂತೆ ಉತ್ತರ ಪಡೆಯುವುದು ಇದರ ಗುರಿ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳದ ಮೂವರು ಕಬ್ಬು ಬೆಳೆಗಾರರಿಗೆ ತಮ್ಮ ಒಟ್ಟು ಸಾಲ ತಿಳಿಯಬೇಕು, ಆದರೆ ಒಬ್ಬರ ಸಾಲ ಇನ್ನೊಬ್ಬರಿಗೆ ಗೊತ್ತಾಗಬಾರದು ಎಂದಿಟ್ಟುಕೊಳ್ಳಬಹುದು. ಮೊದಲನೆಯವರ ಸಾಲ 40 ಸಾವಿರ. ಅದನ್ನು ಅವರು ಮನಸ್ಸಿಗೆ ತೋಚಿದಂತೆ 90, ಮೈನಸ್ 65, 15 ಎಂದು ಒಡೆಯುತ್ತಾರೆ. ಎರಡನೆಯವರು 70 ಸಾವಿರವನ್ನು ಮೈನಸ್ 20, 55, 35 ಎಂದೂ, ಮೂರನೆಯವರು 25 ಸಾವಿರವನ್ನು 10, 45, ಮೈನಸ್ 30 ಎಂದೂ ಒಡೆಯುತ್ತಾರೆ. ಪ್ರತಿಯೊಬ್ಬರ ಮೊದಲ ಪಾಲು ಒಂದನೆಯವರಿಗೆ, ಎರಡನೆಯ ಪಾಲು ಎರಡನೆಯವರಿಗೆ, ಕೊನೆಯದು ಮೂರನೆಯವರಿಗೆ. ತಮ್ಮ ಬಳಿ ಬಂದ ಪಾಲುಗಳನ್ನು ಕೂಡಿಸಿದಾಗ ಅವರಿಗೆ ಸಿಗುವುದು 80, 35, 20. ಈ ಮೂರನ್ನು ಮಾತ್ರ ಬಹಿರಂಗವಾಗಿ ಕೂಡಿಸಿದರೆ 135 ಸಾವಿರ, ಅದೇ ಒಟ್ಟು ಸಾಲ. ಯಾರ ಸಾಲವೂ ಬಯಲಾಗಲಿಲ್ಲ. ನಿಜವಾದ ವ್ಯವಸ್ಥೆಗಳಲ್ಲಿ ಬಹು ದೊಡ್ಡ ಸಂಖ್ಯೆಗಳು ಇರುತ್ತವೆ. ಮೋಸ ಮಾಡುವವರನ್ನು ಹಿಡಿಯುವ ಉಪಾಯಗಳೂ ಸೇರಿರುತ್ತವೆ.

ಇದು ಕೇವಲ ಪಾಠದ ಲೆಕ್ಕವಲ್ಲ. ಈ ವಿದ್ಯೆಯ ಮೊದಲ ದೊಡ್ಡ ಬಳಕೆ ನಡೆದದ್ದೂ ಸಕ್ಕರೆ ಬೆಳೆಗಾರರ ನಡುವೆಯೇ. 2008ರ ಜನವರಿಯಲ್ಲಿ ಡೆನ್ಮಾರ್ಕಿನ ಸುಮಾರು 1,200 ಸಕ್ಕರೆ ಬೀಟ್ ರೈತರು ಬೆಳೆ ಸರಬರಾಜಿನ ಹಕ್ಕುಗಳನ್ನು ಹೀಗೆ ಹರಾಜಿನಲ್ಲಿ ಕೊಟ್ಟು ಕೊಂಡರು. ಅಲ್ಲಿ ಬೀಟ್ ಕೊಳ್ಳುತ್ತಿದ್ದದ್ದು ಒಂದೇ ಕಂಪನಿ. ತಮ್ಮ ಬಿಡ್ ಅದಕ್ಕೆ ಗೊತ್ತಾದರೆ ಮುಂದಿನ ದರದ ಮಾತುಕತೆಯಲ್ಲಿ ಕೈ ಕೆಳಗಾಗುತ್ತದೆಂಬುದು ರೈತರ ಅಳುಕಾಗಿತ್ತು. ಕಂಪನಿ, ಬೆಳೆಗಾರರ ಸಂಘ ಮತ್ತು ಸಂಶೋಧಕರ ಮೂರು ಕಂಪ್ಯೂಟರುಗಳು ಸೇರಿ, ಯಾವ ಬಿಡ್ಡನ್ನೂ ತೆರೆಯದೆ ಮಾರುಕಟ್ಟೆ ದರವನ್ನು ಕಂಡುಹಿಡಿದವು.

ಅಂಕಿಗಳನ್ನು ಹೀಗೆ ಗುಟ್ಟಾಗಿಡಬಹುದು, ಆದರೆ ಬೆರಳಚ್ಚಿನ ಸಮಸ್ಯೆ ಬೇರೆ ಬಗೆಯದು. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು, ಹೆಬ್ಬೆಟ್ಟನ್ನು ಬದಲಿಸಲಾಗದು. ಬ್ಯಾಂಕ್ ಶಾಖೆ ದೂರವಿರುವ ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರ ಯಂತ್ರದ ಮೇಲೆ ಬೆರಳಿಟ್ಟು ಹಣ ಪಡೆಯುವುದು ಆಧಾರ್ ಆಧಾರಿತ ಪಾವತಿ. ನೋಂದಣಿಯಾದ ಆಸ್ತಿ ಪತ್ರಗಳಿಂದ ಬೆರಳಚ್ಚು ನಕಲು ಮಾಡಿ ಈ ದಾರಿಯಲ್ಲಿ ಹಣ ಎತ್ತಿದ ಪ್ರಕರಣಗಳು 2023ರಲ್ಲಿ ಬೆಂಗಳೂರಿನಲ್ಲಿ ಬೆಳಕಿಗೆ ಬಂದ ಮೇಲೆ, ಆಸ್ತಿ ನೋಂದಣಿಯ ‘ಕಾವೇರಿ’ ತಂತ್ರಾಂಶದ ಪತ್ರಗಳಲ್ಲಿ ಬೆರಳಚ್ಚನ್ನು ಮರೆಮಾಡುವ ಕ್ರಮಕ್ಕೆ ಸರ್ಕಾರ ಮುಂದಾಯಿತು. ಆಧಾರ್ ಪ್ರಾಧಿಕಾರದ ಜಾಲತಾಣ ಅಥವಾ ಆ್ಯಪ್‌ನಲ್ಲಿ ಬಯೋಮೆಟ್ರಿಕ್‌ಗೆ ಬೀಗ ಹಾಕಿ, ಬೇಕಾದಾಗ ಮಾತ್ರ ತೆಗೆಯುವ ಸೌಲಭ್ಯವೂ ಇದೆ.

ಮುಂದಿನ ಸವಾಲು ಕ್ವಾಂಟಂ ಕಂಪ್ಯೂಟರ್. ದೊಡ್ಡ ಸಂಖ್ಯೆಗಳ ಅಪವರ್ತನ ಕಷ್ಟವೆಂಬ ನಂಬಿಕೆಯ ಮೇಲೆ ನಿಂತ ಇಂದಿನ ಬೀಗಗಳನ್ನು ಅದು ಮುರಿಯಬಲ್ಲದೆಂದು ಪೀಟರ್ ಶೋರ್ 1994ರಲ್ಲೇ ತೋರಿಸಿದ್ದರು. ಅದಕ್ಕೆ ಮಣಿಯದ ಹೊಸ ಗೂಢಲಿಪಿಯ ಮೊದಲ ಮಾನಕಗಳನ್ನು ಅಮೆರಿಕದ ಮಾನಕ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಬೆಳಕಿನ ಕಣಗಳ ಮೂಲಕವೇ ಕೀಲಿ ರವಾನಿಸುವ ಇನ್ನೊಂದು ಮಾರ್ಗದ ಪ್ರಯೋಗಗಳು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ನಡೆದಿವೆ.

ಪ್ರಯೋಗಾಲಯದ ವಿದ್ಯೆಯನ್ನು ಹೊರಗೆ ಹರಡುವುದು ಸೈಸೆಕ್‌ನ ಕೆಲಸ: ತರಬೇತಿ, ಜಾಗೃತಿ, ನವೋದ್ಯಮಗಳಿಗೆ ಬೆಂಬಲ. ವಿಜ್ಞಾನ ಮಂಡಳಿ ರಾಜ್ಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ದಶಕಗಳಿಂದ ಧನಸಹಾಯ ನೀಡುತ್ತ ಬಂದಿದೆ. ಹಳಿಯಾಳದಲ್ಲಿ ಕರ್ನಾಟಕ ಲಾ ಸೊಸೈಟಿಯ ವಿಶ್ವನಾಥರಾವ್ ದೇಶಪಾಂಡೆ ತಾಂತ್ರಿಕ ಕಾಲೇಜು ಇದೆ, ನೆರೆಯ ಧಾರವಾಡದಲ್ಲಿ ಐಐಟಿ ಮತ್ತು ಐಐಐಟಿ ಇವೆ. ಈ ಭಾಗದ ವಿದ್ಯಾರ್ಥಿಗಳು ಗಣಿತ ಮತ್ತು ಪ್ರೋಗ್ರಾಮಿಂಗ್ ಎರಡರಲ್ಲೂ ಗಟ್ಟಿಯಾದರೆ ಈ ಕ್ಷೇತ್ರಕ್ಕೆ ದಾರಿ ಇಲ್ಲಿಂದಲೇ ತೆರೆಯುತ್ತದೆ.

ಸಂಶೋಧನೆಗೆ ಒಂದು ಮಿತಿಯೂ ಇದೆ. ಹೆದರಿಸಿಯೋ ಆಸೆ ತೋರಿಸಿಯೋ ಒಟಿಪಿ ಹೇಳಿಸಿಕೊಳ್ಳುವವರ ಮುಂದೆ ಎಷ್ಟೇ ಗಟ್ಟಿಯಾದ ಗೂಢಲಿಪಿಯೂ ನಿಷ್ಪ್ರಯೋಜಕ. ಹಣ ಹೋದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗಳಿಗೆ ಹೋಗುವ ಮೊದಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಉತ್ತರ ಕನ್ನಡ ಜಿಲ್ಲೆಯಲ್ಲಿ ಇಂಥ ಅಪರಾಧಗಳ ತನಿಖೆಗೆ ಕಾರವಾರದಲ್ಲಿ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಪೊಲೀಸ್ ಠಾಣೆ ಇದೆ.