ಮಾಟುಂಗವೋ, ಸುರತ್ಕಲ್ಲೋ?

ಹನ್ನೆರಡನೆಯ ತರಗತಿಯ ಫಲಿತಾಂಶ ಹೊರಬಿದ್ದೊಡನೆ ಮುಂಬಯಿಯ ನಮ್ಮ ಹೊಟೇಲು ಬಾಂಧವರ ಮನೆಗಳಲ್ಲಿ ಒಂದೇ ಚರ್ಚೆ: ಮಗನನ್ನು ಇಂಜಿನಿಯರಿಂಗಿಗೆ ಮಾಟುಂಗದ ವಿ.ಜೆ.ಟಿ.ಐ.ಗೆ ಸೇರಿಸುವುದೋ, ಊರ ಬದಿಯ ಸುರತ್ಕಲ್ಲಿಗೆ ಕಳುಹಿಸುವುದೋ?

ಎರಡೂ ಸಾಮಾನ್ಯ ಸಂಸ್ಥೆಗಳಲ್ಲ. ಮೊದಲನೆಯದು 1887ರಷ್ಟು ಹಳೆಯದು. ಎರಡನೆಯದು 1960ರಲ್ಲಿ ಕರ್ನಾಟಕ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜೆಂದು ಹುಟ್ಟಿ, 2002ರಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಯಿತು.

ಊರಿನ ಅಭಿಮಾನವನ್ನೇ ನೆಚ್ಚಿದವರು ಒಂದು ನಿಯಮವನ್ನು ಮರೆಯುತ್ತಾರೆ. ಸುರತ್ಕಲ್ಲಿನ ಅರ್ಧದಷ್ಟು ಸ್ಥಾನಗಳು ಕರ್ನಾಟಕದವರಿಗೆ ಮೀಸಲು, ನಿಜ. ಆದರೆ ಯಾರು ಕರ್ನಾಟಕದವರೆಂದು ನಿರ್ಣಯಿಸುವುದು ಮನೆಮಾತಲ್ಲ, ಅಜ್ಜನ ಗದ್ದೆಯೂ ಅಲ್ಲ. ಹನ್ನೆರಡನೆಯ ತರಗತಿಯನ್ನು ಯಾವ ರಾಜ್ಯದಲ್ಲಿ ತೇರ್ಗಡೆಯಾದರೆಂಬುದು. ಇಲ್ಲಿ ಓದಿದ ಕುಂದಾಪುರದ ಹುಡುಗ ಅಲ್ಲಿ ಪರರಾಜ್ಯದವನು. ಅವನ ಪಾಲಿನ ಸಂಸ್ಥೆ ನಾಗಪುರದ್ದು! ಇದನ್ನು ತಿಳಿದ ದಿನ ಗಲ್ಲೆಯಲ್ಲಿ ಕುಳಿತಿದ್ದ ನಮ್ಮ ಮಿತ್ರರೊಬ್ಬರು ಬಹಳ ಹೊತ್ತು ಮಾತನಾಡಲಿಲ್ಲ.

ಸಂಸಾರವನ್ನು ಊರಿನಲ್ಲಿರಿಸಿ ತಾವು ಹೊಟೇಲಿನಲ್ಲೇ ಮಲಗುವವರಿಗೆ ಲೆಕ್ಕ ತಿರುಗುಮುರುಗು. ಅವರ ಮಕ್ಕಳಿಗೆ ಸುರತ್ಕಲ್ಲೇ ಹತ್ತಿರ, ವಿ.ಜೆ.ಟಿ.ಐ.ಯ ಹೆಚ್ಚಿನ ಸ್ಥಾನಗಳು ಮಹಾರಾಷ್ಟ್ರದಲ್ಲಿ ಓದಿದವರಿಗೆ.

ಶುಲ್ಕಕ್ಕೆ ಅಂಜುವವರು ಕೇಳಬೇಕು. ಸುರತ್ಕಲ್ಲಿನಂಥ ಸಂಸ್ಥೆಗಳ ಬೋಧನಶುಲ್ಕ 2016ರಲ್ಲಿ ವರ್ಷಕ್ಕೆ 1,25,000 ರೂಪಾಯಿಗೆ ಏರಿದಾಗಲೇ, ವಾರ್ಷಿಕ ಆದಾಯ 1 ಲಕ್ಷಕ್ಕಿಂತ ಕಡಿಮೆಯಿರುವ ಕುಟುಂಬಗಳಿಗೆ ಪೂರ್ಣ ಮಾಫಿಯೂ, 5 ಲಕ್ಷದೊಳಗಿನವರಿಗೆ ಮೂರರಲ್ಲಿ ಎರಡು ಪಾಲು ಮಾಫಿಯೂ ಗೊತ್ತಾಯಿತು. ಹಾಸ್ಟೆಲು, ಊಟದ ವೆಚ್ಚ ಬೇರೆ. ಆದಾಯದ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಡುವುದು ಲೇಸು.

ಮಿತ್ರರ ಮಗ ಜೆ.ಇ.ಇ. ಮೇನ್ ಪರೀಕ್ಷೆಯೊಡನೆ ಮಹಾರಾಷ್ಟ್ರದ ಸಿ.ಇ.ಟಿ.ಯನ್ನೂ ಬರೆದಿದ್ದನು. ಈಗ ಮಾಟುಂಗದಲ್ಲಿ ಓದುತ್ತಿದ್ದಾನೆ. ರಾತ್ರಿಯ ಊಟ ಮನೆಯಲ್ಲೇ.