ಮಡಿಲಿಗೆ ಬೆಲ್ಟ್ ಇಲ್ಲ

2022ರ ಜೂನ್‌ನಲ್ಲಿ ಚೆನ್ನೈ ಬಂದರಿನಿಂದ ‘ಎಂಪ್ರೆಸ್’ ಎಂಬ ವಿಹಾರ ಹಡಗು ಯಾನ ಶುರು ಮಾಡಿದ ಮೇಲೆ ಕಡಲ ಪ್ರವಾಸ ನಮ್ಮ ಕಡೆಯವರಿಗೂ ಹತ್ತಿರವಾಯಿತು. ಮೈಸೂರು, ಬೆಂಗಳೂರಿನವರು ಆ ವರ್ಷದ ನವೆಂಬರಿನಲ್ಲಿ ಆರಂಭವಾದ ವಂದೇ ಭಾರತ್ ಹಿಡಿದು ಚೆನ್ನೈ ಸೆಂಟ್ರಲ್‌ನಲ್ಲಿ ಇಳಿಯಬಹುದು; ಅಲ್ಲಿಂದ ಬಂದರು ಮೂರ್ನಾಲ್ಕು ಕಿಲೋಮೀಟರ್. ದೂರದಿಂದ ಬರುವವರು ಮೀನಂಬಾಕ್ಕಂ ವಿಮಾನ ನಿಲ್ದಾಣದಲ್ಲಿ ಇಳಿದು ಟ್ಯಾಕ್ಸಿ ಹಿಡಿಯುತ್ತಾರೆ. ಕತ್ತಿಪಾರ ಮೇಲ್ಸೇತುವೆ, ಗಿಂಡಿ, ಅಣ್ಣಾ ಸಾಲೈ ದಾಟಿ ರಾಜಾಜಿ ಸಾಲೈ ಮುಟ್ಟಲು ಸುಮಾರು 20 ಕಿಲೋಮೀಟರ್.

ಜೊತೆಗೆ ವರ್ಷದ ಕೂಸೊಂದಿದ್ದರೆ ಈ ಪ್ರಯಾಣದ ಮೂರು ಘಟ್ಟಗಳನ್ನು ಹೋಲಿಸಿ ನೋಡಿ. ವಿಮಾನ ಮೇಲೇರುವ ಮುನ್ನ ಗಗನಸಖಿ ಪುಟ್ಟದೊಂದು ಬೆಲ್ಟ್ ತಂದು ಅಮ್ಮನ ಬೆಲ್ಟಿಗೆ ಸಿಕ್ಕಿಸಿ ಕೂಸಿನ ಸೊಂಟಕ್ಕೆ ಹಾಕಿಸುತ್ತಾಳೆ. ಹಡಗಿನಲ್ಲಂತೂ ಅಂತರರಾಷ್ಟ್ರೀಯ ನಿಯಮವೇ ಇದೆ: ಮಕ್ಕಳಿಗೆಂದೇ ಬೇರೆ ಅಳತೆಯ ಲೈಫ್ ಜಾಕೆಟ್‌ಗಳಿರಬೇಕು, 24 ಗಂಟೆ ಮೀರಿದ ಯಾನವಾದರೆ ಹಸುಗೂಸುಗಳಲ್ಲಿ ಪ್ರತಿಯೊಂದಕ್ಕೂ ಒಂದೊಂದು ಇರಬೇಕು, ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಪ್ರಯಾಣಿಕರನ್ನೆಲ್ಲ ಸೇರಿಸಿ ಕವಾಯತು ಮಾಡಿಸಬೇಕು. ಇವೆರಡರ ನಡುವಿನ ಟ್ಯಾಕ್ಸಿಯಲ್ಲಿ ಮಾತ್ರ ಕೂಸು ಅಮ್ಮನ ತೊಡೆಯ ಮೇಲೆ, ಕಿಟಕಿಗೆ ಕೈ ಚಾಚಿಕೊಂಡು ಕೂತಿರುತ್ತದೆ. ಇಡೀ ಪ್ರವಾಸದಲ್ಲಿ ಹೆಚ್ಚು ಅಪಾಯದ ತುಂಡು ಯಾವುದೋ ಅಲ್ಲೇ ನಮ್ಮ ಎಚ್ಚರ ಎಲ್ಲಕ್ಕಿಂತ ಕಡಿಮೆ.

‘ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ’ ಎಂಬ ಭರವಸೆಗೆ ಸ್ವಲ್ಪ ಲೆಕ್ಕ ಹಾಕೋಣ. ಗಂಟೆಗೆ 40 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಆರು ಮೀಟರ್ ಎತ್ತರದಿಂದ, ಅಂದರೆ ಎರಡು ಅಂತಸ್ತಿನ ಮನೆಯ ತಾರಸಿಯಿಂದ ಬಿದ್ದ ವಸ್ತು ನೆಲ ಮುಟ್ಟುವಾಗಿನ ವೇಗವೂ ಇಷ್ಟೇ. ಆ ವೇಗದ ಕಾರು ಮುಂದಿನ ಲಾರಿಗೋ ಮೇಲ್ಸೇತುವೆಯ ಕಂಬಕ್ಕೋ ಗುದ್ದಿ, ಬಾನೆಟ್ ಅರ್ಧ ಮೀಟರ್ ನಜ್ಜುಗುಜ್ಜಾಗಿ ನಿಂತಿತೆನ್ನಿ. ಕಾರು ಪೂರ್ತಿ ನಿಲ್ಲಲು ಹಿಡಿಯುವ ಸಮಯ ಒಂದು ಸೆಕೆಂಡಿನ ಹತ್ತನೇ ಒಂದು ಪಾಲಿಗಿಂತ ಕಡಿಮೆ. ಆ ಅವಧಿಯಲ್ಲಿ ಕಾರಿನ ಜೊತೆಗೇ ನಿಲ್ಲಬೇಕಾದ ಎಲ್ಲದರ ಮೇಲೂ ಗುರುತ್ವಾಕರ್ಷಣೆಯ ಹನ್ನೆರಡೂವರೆ ಪಟ್ಟು ಬಲ ಬೀಳುತ್ತದೆ. ಹತ್ತು ಕಿಲೋ ತೂಗುವ ಕೂಸನ್ನು ಹಿಡಿದಿಟ್ಟುಕೊಳ್ಳಲು ಅಮ್ಮನ ತೋಳು 125 ಕಿಲೋ ಭಾರ ತಡೆಯುವಷ್ಟು ಬಲ ಹಾಕಬೇಕು. ಇದು ಸರಾಸರಿ, ಗರಿಷ್ಠ ಬಲ ಇನ್ನೂ ಹೆಚ್ಚು. ವೇಗ 60 ಆದರೆ ಅದೇ ಲೆಕ್ಕ 280 ಕಿಲೋ ದಾಟುತ್ತದೆ, ಏಕೆಂದರೆ ಬಲ ಏರುವುದು ವೇಗದ ವರ್ಗಕ್ಕೆ ಅನುಗುಣವಾಗಿ.

ಇನ್ನೊಂದು ತೊಡಕೂ ಇದೆ. ಎದುರಿಗೆ ಅಪಾಯ ಕಂಡು ಮನುಷ್ಯನ ಸ್ನಾಯು ಬಿಗಿಯಾಗಲು ಸೆಕೆಂಡಿನ ಐದನೇ ಒಂದು ಪಾಲಾದರೂ ಬೇಕು. ಅಷ್ಟರಲ್ಲಿ ಅಪಘಾತ ಮುಗಿದೇ ಹೋಗಿರುತ್ತದೆ. ಜಿಮ್‌ಗೆ ಹೋಗುವ ಅಪ್ಪನಾದರೂ ಅಷ್ಟೇ, ಮೊಮ್ಮಗುವನ್ನು ಅವಚಿಕೊಂಡ ಅಜ್ಜಿಯಾದರೂ ಅಷ್ಟೇ. ಕೆಲವರು ತಮ್ಮ ಬೆಲ್ಟಿನೊಳಗೇ ಕೂಸನ್ನೂ ಸೇರಿಸಿ ಬಿಗಿದುಕೊಳ್ಳುತ್ತಾರೆ. ಅದು ಇನ್ನೂ ಅಪಾಯ: 60 ಕಿಲೋ ತೂಗುವ ದೊಡ್ಡವರ ದೇಹ ಮುಂದಕ್ಕೆ ನುಗ್ಗಿ, ಬೆಲ್ಟಿಗೂ ತನಗೂ ನಡುವೆ ಕೂಸನ್ನು 750 ಕಿಲೋ ಭಾರದಷ್ಟು ಒತ್ತಡದಲ್ಲಿ ಅಮುಕುತ್ತದೆ.

ಕಾರ್ ಸೀಟ್ ಎಂಬ ಯಂತ್ರದ ಕೆಲಸ ಇಲ್ಲಿಂದ ಶುರು. ಮೋಟಾರು, ಬ್ಯಾಟರಿ ಯಾವುದೂ ಇಲ್ಲದಿದ್ದರೂ ಅದು ಯಂತ್ರವೇ; ಬಲವನ್ನು ಎಲ್ಲಿ, ಯಾವಾಗ, ಎಷ್ಟು ಹೊತ್ತು ಬೀಳಿಸಬೇಕೆಂದು ಅದು ನಿರ್ಧರಿಸುತ್ತದೆ. ಕಟ್ಟಿಕೊಳ್ಳದ ದೇಹ ಕಾರು ನಿಲ್ಲುತ್ತಿರುವಾಗಲೂ ಮೊದಲಿನ ವೇಗದಲ್ಲೇ ಮುಂದಕ್ಕೆ ಹಾರುತ್ತದೆ. ಆಗಲೇ ನಿಂತುಬಿಟ್ಟ ಮುಂದಿನ ಸೀಟಿಗೆ ಬಡಿದು ನಾಲ್ಕೈದು ಸೆಂಟಿಮೀಟರಿನೊಳಗೆ ನಿಲ್ಲುತ್ತದೆ. ಅಂದರೆ ಅರ್ಧ ಮೀಟರಿನಲ್ಲಿ ಹಂಚಿಹೋಗಬೇಕಿದ್ದ ಪೆಟ್ಟು ಅದರ ಹತ್ತನೇ ಒಂದು ಭಾಗದ ಜಾಗದಲ್ಲಿ, ಹತ್ತು ಪಟ್ಟು ಬಲವಾಗಿ ಬೀಳುತ್ತದೆ. ಕಾರಿಗೆ ಬಿಗಿದ ಸೀಟು, ಸೀಟಿಗೆ ಬಿಗಿದ ಕೂಸು ಮಾತ್ರ ಕಾರು ನಿಲ್ಲತೊಡಗಿದ ಕ್ಷಣದಿಂದಲೇ ತಾವೂ ನಿಲ್ಲತೊಡಗುತ್ತವೆ. ಬಾನೆಟ್ ನಜ್ಜಾಗುವ ಸಮಯವೆಲ್ಲ ಕೂಸಿನ ಪಾಲಿಗೆ ಬರುತ್ತದೆ. ಬೆಲ್ಟ್ ಸಡಿಲವಿದ್ದಷ್ಟೂ ಈ ಲಾಭ ಸೋರಿಹೋಗುತ್ತದೆ. ಸೀಟನ್ನು ಬಿಗಿಯಾಗಿ ಕಟ್ಟಿ ಎಂದು ಒತ್ತಿ ಹೇಳುವುದು ಇದಕ್ಕೇ.

ದೊಡ್ಡವರ ಬೆಲ್ಟನ್ನೇ ಮಕ್ಕಳಿಗೂ ಹಾಕಿದರಾಗದೆ? ಮೂರು ಕಡೆ ಹಿಡಿಯುವ ಸೀಟ್ ಬೆಲ್ಟನ್ನು ವೋಲ್ವೋ ಕಂಪನಿಯ ನಿಲ್ಸ್ ಬೋಲಿನ್ 1959ರಲ್ಲಿ ರೂಪಿಸಿದ್ದು ದೊಡ್ಡವರ ಮೂಳೆಗಳನ್ನು ನಂಬಿಕೊಂಡು. ಅದು ಸೊಂಟದ ಮೂಳೆಯ ಮುಂದಿನ ಉಬ್ಬುಗಳ ಮೇಲೆ, ಎದೆಗೂಡಿನ ಮೇಲೆ, ಹೆಗಲ ಮೇಲೆ ಹಾದು ಹೋಗಬೇಕು. ಮಕ್ಕಳಲ್ಲಿ ಆ ಸೊಂಟದ ಉಬ್ಬು ಹತ್ತು ವರ್ಷದ ಆಸುಪಾಸಿನವರೆಗೂ ಸರಿಯಾಗಿ ಬೆಳೆದಿರುವುದಿಲ್ಲ. ಬೆಲ್ಟ್ ಜಾರಿ ಮೆತ್ತಗಿನ ಹೊಟ್ಟೆಗೆ ಏರುತ್ತದೆ, ಕರುಳಿಗೂ ಬೆನ್ನುಮೂಳೆಗೂ ಪೆಟ್ಟು ಮಾಡುತ್ತದೆ. ಮೇಲಿನ ಪಟ್ಟಿ ಹೆಗಲು ಬಿಟ್ಟು ಕುತ್ತಿಗೆಗೆ ಬರುತ್ತದೆ. ಬೂಸ್ಟರ್ ಎಂಬ ಎತ್ತರದ ದಿಂಬು ಮಾಡುವುದು ಇಷ್ಟೇ: ಮಗುವನ್ನು ಮೇಲೆತ್ತಿ, ಬೆಲ್ಟನ್ನು ಮೂಳೆಯ ಮೇಲೆ ಕೂರಿಸುತ್ತದೆ. ಸುಮಾರು 145 ಸೆಂಟಿಮೀಟರ್ ಎತ್ತರ ಬರುವವರೆಗೆ ಅದು ಬೇಕು.

ಕೂಸಿನ ಸಮಸ್ಯೆ ಇದಕ್ಕಿಂತ ಮೇಲೆ, ಕುತ್ತಿಗೆಯಲ್ಲಿದೆ. ಹುಟ್ಟಿದ ಮಗುವಿನ ತಲೆ ದೇಹದ ಉದ್ದದ ಕಾಲುಭಾಗ; ತೂಕದಲ್ಲೂ ಸುಮಾರು ಅಷ್ಟೇ ಪಾಲು. ದೊಡ್ಡವರಲ್ಲಿ ತಲೆಯ ತೂಕ ದೇಹದ ಹದಿನೈದನೇ ಒಂದು ಭಾಗ ಮಾತ್ರ. ಆ ಭಾರದ ತಲೆಯನ್ನು ಹೊತ್ತ ಕುತ್ತಿಗೆಯ ಮಣಿಗಳು ಇನ್ನೂ ಪೂರ್ತಿ ಮೂಳೆಯಾಗಿರುವುದಿಲ್ಲ. ನಡುವೆ ಮೃದ್ವಸ್ಥಿ ಇರುತ್ತದೆ. ಮುಂದಕ್ಕೆ ಮುಖ ಮಾಡಿ ಕೂತ ಕೂಸಿನ ಮೈಯನ್ನು ಬೆಲ್ಟ್ ತಡೆದರೂ ತಲೆ ಮುಂದಕ್ಕೆ ಹಾರಿ, ಕುತ್ತಿಗೆ ಹಿಗ್ಗಿ, ಒಳಗಿನ ಬೆನ್ನುಹುರಿ ಎಳೆಯಲ್ಪಡುತ್ತದೆ.

ಇದಕ್ಕೆ ಉತ್ತರ ಕಂಡುಕೊಂಡವರು ಸ್ವೀಡನ್ನಿನ ಪ್ರೊಫೆಸರ್ ಬರ್ಟಿಲ್ ಆಲ್ಡ್‌ಮನ್. ಅದಕ್ಕೂ ಮೊದಲು ಪಶ್ಚಿಮದಲ್ಲಿ ಮಕ್ಕಳ ಸೀಟುಗಳು ಇದ್ದವು. ಆದರೆ ಅವು ಮಗು ಎತ್ತರದಲ್ಲಿ ಕೂತು ಕಿಟಕಿ ನೋಡಲಿ, ಅಪ್ಪನ ಕಣ್ಣಿಗೆ ಬೀಳುತ್ತಿರಲಿ ಎಂದು ಮಾಡಿದಂಥವು. ಅಮೆರಿಕದ ಜೆಮಿನಿ ನೌಕೆಯಲ್ಲಿ ಗಗನಯಾತ್ರಿಗಳು ಬೆನ್ನು ಆನಿಸಿ ಮಲಗಿ ಮೇಲೇರುತ್ತಾರೆ, ರಾಕೆಟ್ಟಿನ ಒತ್ತಡ ಇಡೀ ಬೆನ್ನಿಗೆ ಹಂಚಿಹೋಗುತ್ತದೆ ಎಂಬುದು ಆಲ್ಡ್‌ಮನ್‌ಗೆ ಹೊಳಹು ಕೊಟ್ಟಿತು. 1964ರಲ್ಲಿ ಅವರ ಮೊದಲ ಹಿಮ್ಮುಖ ಸೀಟು ವೋಲ್ವೋ ಕಾರಿನಲ್ಲಿ ಪರೀಕ್ಷೆಗೊಳಗಾಯಿತು. ಮಗು ಹಿಂದಿನ ಗಾಜಿನತ್ತ ಮುಖ ಮಾಡಿ ಕೂತರೆ, ಕಾರು ಗುದ್ದಿದಾಗ ತಲೆ, ಕುತ್ತಿಗೆ, ಬೆನ್ನು ಮೂರೂ ಒಟ್ಟಿಗೆ ಸೀಟಿನ ಬೆನ್ನಿಗೆ ಒತ್ತಿಕೊಳ್ಳುತ್ತವೆ. ಕುತ್ತಿಗೆಗೆ ಬೇರೆ ಎಳೆತವಿಲ್ಲ. ಸ್ವೀಡನ್ನಿನಲ್ಲಿ ನಾಲ್ಕು ವರ್ಷದವರೆಗೂ ಮಕ್ಕಳನ್ನು ಹೀಗೇ ಕೂರಿಸುವ ರೂಢಿಯಿದೆ. 2013ರಲ್ಲಿ ಜಾರಿಗೆ ಬಂದ ವಿಶ್ವಸಂಸ್ಥೆಯ ಆರ್129 ನಿಯಮ ಕನಿಷ್ಠ 15 ತಿಂಗಳವರೆಗೆ ಹಿಮ್ಮುಖವೇ ಆಗಬೇಕೆನ್ನುತ್ತದೆ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಯ ಅಂದಾಜಿನಂತೆ, ಕಾರಿನಲ್ಲಿ ಮಕ್ಕಳ ಸೀಟುಗಳ ಬಳಕೆ ವರ್ಷದೊಳಗಿನ ಕೂಸುಗಳ ಸಾವಿನ ಅಪಾಯವನ್ನು ಶೇ. 71ರಷ್ಟು, ಒಂದರಿಂದ ನಾಲ್ಕು ವರ್ಷದವರಲ್ಲಿ ಶೇ. 54ರಷ್ಟು ತಗ್ಗಿಸುತ್ತದೆ.

ಸೀಟನ್ನು ಬಿಚ್ಚಿ ನೋಡಿದರೆ ಮೂರೇ ಭಾಗ. ಹೊರಗೆ ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು. ಒಳಗೆ ಬಟ್ಟೆಯ ಕೆಳಗೆ ಥರ್ಮೋಕೋಲ್. ಪೆಟ್ಟು ಬಿದ್ದಾಗ ಅದು ಕುಗ್ಗಿ ಒಡೆದು ಶಕ್ತಿಯನ್ನು ಹೀರುತ್ತದೆ, ಆದ್ದರಿಂದ ಒಮ್ಮೆ ಅಪಘಾತ ಕಂಡ ಸೀಟನ್ನು ಮತ್ತೆ ಬಳಸಬಾರದು. ಮೂರನೆಯದು ಐದು ಕಡೆ ಹಿಡಿಯುವ ಹಾರ್ನೆಸ್: ಎರಡು ಹೆಗಲಿಗೆ, ಎರಡು ಸೊಂಟಕ್ಕೆ, ಒಂದು ಕಾಲುಗಳ ನಡುವೆ. ಆ ಐದನೆಯ ಪಟ್ಟಿ ಇಲ್ಲದಿದ್ದರೆ ಕೂಸು ಕೆಳಗಿನಿಂದ ಜಾರಿಬಿಡುತ್ತದೆ. ಕಾರಿಗೆ ಸೀಟನ್ನು ಬಿಗಿಯುವ ದಾರಿ ಎರಡು. ಹಳೆಯದು ಕಾರಿನ ಬೆಲ್ಟನ್ನೇ ಸೀಟಿನೊಳಗೆ ಹಾಯಿಸುವುದು. ಹಿಮ್ಮುಖಕ್ಕೆ ನೀಲಿ ಗುರುತಿನ ದಾರಿ, ಮುಮ್ಮುಖಕ್ಕೆ ಕೆಂಪು. ಹೊಸದು ಐಸೋಫಿಕ್ಸ್: ಹಿಂದಿನ ಸೀಟಿನ ಬೆನ್ನು, ಕೂರುವ ಭಾಗ ಸೇರುವ ಸಂದಿನಲ್ಲಿ 28 ಸೆಂಟಿಮೀಟರ್ ಅಂತರದಲ್ಲಿ ಎರಡು ಉಕ್ಕಿನ ಸರಳುಗಳಿರುತ್ತವೆ, ಸೀಟಿನ ಕೊಂಡಿಗಳು ಅವಕ್ಕೆ ಕಚ್ಚಿಕೊಳ್ಳುತ್ತವೆ. ಮುಂದಿನ ಸೀಟಿನಲ್ಲಿ ಏರ್‌ಬ್ಯಾಗ್ ಇದ್ದರೆ ಹಿಮ್ಮುಖ ಸೀಟನ್ನು ಅಲ್ಲಿ ಇಡಲೇಬಾರದು. ಸಿಡಿದು ಬರುವ ಚೀಲ ನೇರ ಕೂಸಿನ ತಲೆಯ ಹಿಂಬದಿಗೆ ಬಡಿಯುತ್ತದೆ.

ಕಾನೂನು ಏನೆನ್ನುತ್ತದೆ? 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯಿದೆಯ 194ಬಿ ಕಲಂ ಪ್ರಕಾರ, 14 ವರ್ಷದೊಳಗಿನ ಮಗುವನ್ನು ಸೀಟ್ ಬೆಲ್ಟಿನಿಂದಾಗಲಿ ಮಕ್ಕಳ ಸೀಟಿನಿಂದಾಗಲಿ ಭದ್ರಪಡಿಸದೆ ವಾಹನ ಓಡಿಸಿದರೆ ಒಂದು ಸಾವಿರ ರೂಪಾಯಿ ದಂಡ. ಬೆಲ್ಟ್ ‘ಅಥವಾ’ ಸೀಟು ಎಂದಿರುವುದರಿಂದ ಎರಡು ವರ್ಷದ ಮಗುವಿಗೆ ದೊಡ್ಡವರ ಬೆಲ್ಟ್ ಸುತ್ತಿದರೂ ಕಾನೂನಿನ ಬಾಯಿ ಮುಚ್ಚುತ್ತದೆ. ಮೂಳೆಗಳ ಲೆಕ್ಕ ಮುಚ್ಚುವುದಿಲ್ಲ. 2023ರ ಅಕ್ಟೋಬರಿನಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಎಂಬ ಕಾರು ಸುರಕ್ಷತಾ ಪರೀಕ್ಷೆಯಲ್ಲಿ ಹದಿನೆಂಟು ತಿಂಗಳ ಮತ್ತು ಮೂರು ವರ್ಷದ ಮಗುವಿನ ಅಳತೆಯ ಬೊಂಬೆಗಳನ್ನು ಮಕ್ಕಳ ಸೀಟಿನಲ್ಲಿ ಕೂರಿಸಿಯೇ ಕಾರನ್ನು ಗುದ್ದಿಸುತ್ತಾರೆ. ಮಕ್ಕಳ ರಕ್ಷಣೆಗೆ ಕಾರು ಪಡೆದ ಅಂಕಗಳು ಆ ಸೀಟು ಇದ್ದರೆ ಮಾತ್ರ ನಿಜ.

ಈಗ ಚೆನ್ನೈಯ ರಸ್ತೆಗೆ ಬರೋಣ. ಹಳದಿ ಬೋರ್ಡಿನ ಟ್ಯಾಕ್ಸಿಯಲ್ಲಿ ಮಕ್ಕಳ ಸೀಟು ಸಿಗುತ್ತದೆಂದು ನಂಬಿ ಹೋಗಬೇಡಿ. ಸ್ವಂತದ್ದನ್ನು ಒಯ್ಯುವುದೇ ಖಾತ್ರಿ. ಟಿಕೆಟ್ ಮಾಡುವಾಗಲೇ ವಿಮಾನ ಕಂಪನಿಯನ್ನು ಕೇಳಿದರೆ ಸೀಟನ್ನು ಲಗೇಜಿನಲ್ಲಿ ಹೇಗೆ ಒಯ್ಯುತ್ತಾರೆಂದು ತಿಳಿಯುತ್ತದೆ. ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಎದುರಾಗುವ ಮೊದಲ ಅಡ್ಡಿ ಸೀಟ್ ಕವರ್: ಬೆಲ್ಟಿನ ಬಕಲ್ ಅದರ ಕೆಳಗೆ ಹೂತುಹೋಗಿರುತ್ತದೆ, ಐಸೋಫಿಕ್ಸ್ ಸರಳುಗಳಿದ್ದರೂ ಅಲ್ಲೇ. ನಿಲ್ದಾಣದ ಪಿಕಪ್ ಜಾಗದಲ್ಲಿ ಹಿಂದಿನ ಕಾರಿನವನು ಹಾರ್ನ್ ಒತ್ತುತ್ತಿರುವಾಗ ಅದನ್ನು ಕೆದಕುವುದು ಕಷ್ಟ; ‘ಅಣ್ಣಾ, ಬರುವ ಮುಂಚೆ ಬಕಲ್ ಹೊರಗೆ ತೆಗೆದಿಟ್ಟಿರಿ’ ಎಂದು ಫೋನಿನಲ್ಲೇ ಹೇಳಿಬಿಡಿ. ಎರಡನೆಯದು ಡಿಕ್ಕಿ. ಸಿಎನ್‌ಜಿ ಸಿಲಿಂಡರ್ ಇರುವ ಕಾರಿನಲ್ಲಿ ದೊಡ್ಡ ಸೂಟ್‌ಕೇಸಿಗೆ ಜಾಗವಿರುವುದಿಲ್ಲ. ಹಿಮ್ಮುಖ ಸೀಟು ಮುಂದಿನ ಸೀಟನ್ನೂ ಮುಂದಕ್ಕೆ ತಳ್ಳುತ್ತದೆ. ಅಜ್ಜ ಅಜ್ಜಿ ಜೊತೆಗಿದ್ದರೆ ಡಿಸೈರ್ ಸಾಲದು, ಎರ್ಟಿಗಾ ಅಥವಾ ಇನೋವಾ ಹೇಳಿ.

ಬಿಗಿದ ಮೇಲೆ ಎರಡು ಪರೀಕ್ಷೆ. ಬೆಲ್ಟ್ ಹಾದುಹೋಗುವ ಜಾಗದಲ್ಲಿ ಸೀಟನ್ನು ಹಿಡಿದು ಅಲ್ಲಾಡಿಸಿ. ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಸರಿಯಬಾರದು. ಕೂಸಿನ ಹೆಗಲ ಮೇಲಿನ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಲು ನೋಡಿ. ಮಡಿಕೆ ಸಿಕ್ಕರೆ ಇನ್ನೂ ಬಿಗಿಯಬೇಕು. ಟವೆಲ್ಲು, ಶಾಲು ಏನಿದ್ದರೂ ಪಟ್ಟಿಯ ಮೇಲೆ ಹೊದೆಸಿ, ಕೆಳಗೆ ಬೇಡ. ಮೇ ತಿಂಗಳ ಚೆನ್ನೈ ಬಿಸಿಲಿನಲ್ಲಿ ನಿಂತ ಕಾರಿನ ಬಕಲ್ ಚರ್ಮ ಸುಡುವಷ್ಟು ಕಾದಿರುತ್ತದೆ. ಮುಟ್ಟಿ ನೋಡಿಯೇ ಹಾಕಿ. ಅಮೆರಿಕದಿಂದ ರಜೆಗೆ ಬಂದವರು ಸೀಟನ್ನು ಜೊತೆಗೆ ತಂದಿದ್ದರೆ ಇನ್ನೊಂದು ಎಚ್ಚರ: ಅಲ್ಲಿನ ಕಾರುಗಳ ಬೆಲ್ಟನ್ನು ಪೂರ್ತಿ ಎಳೆದರೆ ಅದು ಬೀಗ ಹಾಕಿಕೊಂಡು ಸೀಟನ್ನು ಬಿಗಿಹಿಡಿಯುತ್ತದೆ. ನಮ್ಮ ಕಾರುಗಳ ಬೆಲ್ಟ್ ಸಾಮಾನ್ಯವಾಗಿ ಜಗ್ಗಿದಾಗ ಮಾತ್ರ ಬಿಗಿಯುತ್ತದೆ, ಉಳಿದಂತೆ ಸಡಿಲವೇ. ಸೀಟಿನಲ್ಲೇ ಬೆಲ್ಟ್ ಹಿಡಿಯುವ ಕ್ಲಿಪ್ ಇದೆಯೇ ಎಂದು ಅಲ್ಲಿಂದ ಹೊರಡುವ ಮೊದಲೇ ನೋಡಿಕೊಂಡು ಬರಬೇಕು.

ಸೀಟು ಇಲ್ಲವೇ ಇಲ್ಲವೆಂದರೆ ಮೆಟ್ರೋ ಇದೆ. ವಿಮಾನ ನಿಲ್ದಾಣದಿಂದ ನೀಲಿ ಮಾರ್ಗದ ರೈಲು ಗಾಡಿ ಬದಲಿಸುವ ಗೊಡವೆಯಿಲ್ಲದೆ ಸೆಂಟ್ರಲ್, ಹೈಕೋರ್ಟ್, ಮನ್ನಡಿ ನಿಲ್ದಾಣಗಳಿಗೆ ಬರುತ್ತದೆ. ಕೊನೆಯ ಎರಡೂ ಬಂದರಿನ ಮಗ್ಗುಲಲ್ಲೇ ಇವೆ. ಮೆಟ್ರೋ ಬ್ರೇಕ್ ಹಾಕಿದಾಗ ದೇಹದ ಮೇಲೆ ಬೀಳುವುದು ಗುರುತ್ವದ ಹತ್ತನೇ ಒಂದು ಪಾಲಿನಷ್ಟು ಬಲ. ಹತ್ತು ಕಿಲೋ ಕೂಸಿಗೆ ಒಂದು ಕಿಲೋ ಭಾರದಷ್ಟು. ಅಲ್ಲಿ ಅಮ್ಮನ ತೋಳು ಧಾರಾಳವಾಗಿ ಸಾಕು. ಸೂಟ್‌ಕೇಸುಗಳ ಜೊತೆ ಒಬ್ಬರು ಟ್ಯಾಕ್ಸಿಯಲ್ಲಿ, ಕೂಸಿನ ಜೊತೆ ಇನ್ನೊಬ್ಬರು ಮೆಟ್ರೋದಲ್ಲಿ ಹೋದರೆ ಕೆಲಸ ಸಲೀಸು. ನಿಲ್ದಾಣದಿಂದ ಬಂದರಿನ ಗೇಟಿಗೆ ಉಳಿಯುವ ತುಂಡು ದಾರಿ ಗಿಜಿಗುಡುವ ಬೀದಿಯದ್ದು; ಅಲ್ಲಿ ವಾಹನಗಳ ವೇಗವೇ ಕಡಿಮೆ.

ಚೆನ್ನೈ ಕಾರು ತಯಾರಿಸುವ ಊರು. ಇಲ್ಲಿ ತಯಾರಾದ ಕಾರುಗಳು ಇದೇ ಬಂದರಿನಿಂದ ಹಡಗೇರಿ ಹೊರದೇಶಗಳಿಗೆ ಹೋಗುತ್ತವೆ. ಕಾರು ಕಟ್ಟುವ ಜಾಣ್ಮೆಗೆ ಇಲ್ಲಿ ಕೊರತೆಯಿಲ್ಲ. ಮಕ್ಕಳ ಸೀಟು ಕೇಳುವ ಗಿರಾಕಿಗಳು ಕಡಿಮೆ, ಕೇಳದ ಸಾಮಾನನ್ನು ಟ್ಯಾಕ್ಸಿಯವರು ಇಡುವುದಿಲ್ಲ. ಹಾಗಾಗಿ ಬುಕ್ ಮಾಡುವಾಗ ಮೂರು ಪ್ರಶ್ನೆ ಕೇಳಿ: ಹಿಂದಿನ ಸೀಟಿನ ಬೆಲ್ಟೂ ಬಕಲ್ಲೂ ಸರಿಯಿವೆಯೇ? ಐಸೋಫಿಕ್ಸ್ ಇದೆಯೇ? ಮಕ್ಕಳ ಸೀಟು ಬಿಗಿದುಕೊಳ್ಳಲು ಹತ್ತು ನಿಮಿಷ ಕಾಯುತ್ತೀರಾ? ಮೂರಕ್ಕೂ ಹೌದೆಂದವರಿಗೆ ಇನ್ನೂರು ರೂಪಾಯಿ ಹೆಚ್ಚು ಕೊಟ್ಟರೂ ಹಡಗಿನ ಟಿಕೆಟ್ಟಿನ ಮುಂದೆ ಅದು ಲೆಕ್ಕಕ್ಕೆ ಬರುವ ಮೊತ್ತವಲ್ಲ, ಮತ್ತು ಮುಂದಿನ ಸಲ ಅವರೇ ಮೊದಲಾಗಿ ಕೇಳುತ್ತಾರೆ: ಮಗು ಇದೆಯೇ, ಬಕಲ್ ತೆಗೆದಿಡಲೇ?